ಹಳೆಯ ಕಾರುಗಳ ಕಳವು ಮತ್ತು ಕಾವಲು

ಕ್ಲಾಸಿಕ್ ಎಂದೂ ವಿಂಟೇಜ್ ಎಂದೂ ಕರೆಯುವ ಹಳೆಯ ಕಾರುಗಳನ್ನು ಕಳ್ಳರ ಕೈಗೆ ಸಿಗದಂತೆ ಉಳಿಸಿಕೊಳ್ಳಲು ಬಳಕೆಗೆ ಬಂದ ಬೀಗ, ಸ್ವಿಚ್ಚು, ಕಾವಲು, ಗುರುತು ಮತ್ತು ಕಾಗದಪತ್ರಗಳ ವಿಚಾರವಿದು. ಎಷ್ಟು ವರ್ಷ ಕಳೆದರೆ ಕಾರು ಈ ಗುಂಪಿಗೆ ಸೇರುತ್ತದೆ ಎಂಬುದಕ್ಕೆ ಎಲ್ಲೆಡೆ ಒಂದೇ ಅಳತೆಯಿಲ್ಲ. 1966ರಲ್ಲಿ ಸ್ಥಾಪನೆಯಾದ ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ, ಮೂಲ ಸ್ವರೂಪ ಕಾಪಾಡಿಕೊಂಡು 30 ವರ್ಷ ದಾಟಿದ ವಾಹನವನ್ನು ಐತಿಹಾಸಿಕವೆಂದು ಎಣಿಸುತ್ತದೆ. ಭಾರತ ಸರ್ಕಾರ 2021ರಲ್ಲಿ ತಂದ ನಿಯಮದಂತೆ ವಿಂಟೇಜ್ ಎನಿಸಿಕೊಳ್ಳಲು ಮೊದಲ ನೋಂದಣಿಯಿಂದ 50 ವರ್ಷ ಕಳೆದಿರಬೇಕು. ಜನರ ಮಾತಿನಲ್ಲಿ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್, ವಿಲ್ಲೀಸ್ ಜೀಪು ಎಲ್ಲವೂ ಹಳೆಯ ಗಾಡಿಗಳೇ. ಈ ಲೇಖನದಲ್ಲೂ ಆ ವಿಶಾಲ ಅರ್ಥವನ್ನೇ ಇಟ್ಟುಕೊಳ್ಳಲಾಗಿದೆ.

ಕಾರು ಕದಿಯುವವನು ಅದನ್ನು ಚಾಲೂ ಮಾಡಬೇಕು, ಇದ್ದಲ್ಲಿಂದ ಸಾಗಿಸಬೇಕು, ಆಮೇಲೆ ಅದಕ್ಕೆ ಬೇರೆ ಗುರುತು ಕೊಡಬೇಕು. ಹಳೆಯ ಕಾರಿನಲ್ಲಿ ಮೊದಲನೆಯದು ತೀರ ಸುಲಭ. ಟೋಯಿಂಗ್ ಲಾರಿಗಳು ಬಂದ ಮೇಲೆ ಎರಡನೆಯದೂ ಕಷ್ಟವಾಗಿ ಉಳಿದಿಲ್ಲ. ಮೂರನೆಯದರಲ್ಲಿ ಮಾತ್ರ ಮಾಲೀಕನ ಕೈ ಮೇಲಾಗಬಹುದು. ಅಂಗಡಿಯಲ್ಲಿ ಸಿಗುವ ಬೀಗಗಳ ಬಗ್ಗೆ ಬೇಕಾದಷ್ಟು ಮಾತು ಕೇಳಿಬರುತ್ತದೆ, ಗುರುತು ಮತ್ತು ದಾಖಲೆಯ ಬಗ್ಗೆ ಯಾರೂ ಹೆಚ್ಚು ಆಡುವುದಿಲ್ಲ. ಆದರೆ ಕಳೆದುಹೋದ ಕಾರು ಮರಳಿ ಸಿಕ್ಕಿದ ಪ್ರಕರಣಗಳನ್ನು ನೋಡಿದರೆ ಕೊನೆಗೆ ಕೆಲಸಕ್ಕೆ ಬಂದಿರುವುದು ಹೆಚ್ಚಾಗಿ ಒಂದು ಸಂಖ್ಯೆ ಅಥವಾ ಒಂದು ಕಾಗದ.

ಹಿನ್ನೆಲೆ

ಮೋಟಾರು ಕಾರು ಹುಟ್ಟಿದಾಗ ಅದಕ್ಕೆ ಬೀಗದ ಕಲ್ಪನೆಯೇ ಇರಲಿಲ್ಲ. ಹ್ಯಾಂಡಲ್ ಹಾಕಿ ತಿರುಗಿಸಿ ಎಂಜಿನ್ ಎಬ್ಬಿಸುವುದು ಕೈ ಮುರಿಯುವಂಥ ಕೆಲಸ. ಪಳಗಿದವರಿಗಷ್ಟೇ ಅದು ಸಾಧ್ಯವಾಗುತ್ತಿದ್ದುದರಿಂದ ಅದೇ ಒಂದು ತಡೆಯಾಗಿತ್ತು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್‌ನಲ್ಲಿ ಬಂದ ಮೇಲೆ ಆ ತಡೆಯೂ ಬಿದ್ದುಹೋಯಿತು. ಫೋರ್ಡ್ ಮಾಡೆಲ್ ಟಿ ಲಕ್ಷಗಟ್ಟಲೆ ತಯಾರಾದರೂ ಅದರ ಇಗ್ನಿಷನ್‌ಗೆ ಇದ್ದದ್ದು ಕೆಲವೇ ಬಗೆಯ ಕೀಲಿಕೈ. ಅಮೆರಿಕದಲ್ಲಿ ಕಾರು ಕಳವು ಎಷ್ಟು ಹೆಚ್ಚಿತೆಂದರೆ, ಕದ್ದ ವಾಹನವನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸುವುದನ್ನು ಕೇಂದ್ರ ಅಪರಾಧವೆಂದು ಸಾರುವ ಡೈಯರ್ ಕಾಯ್ದೆ 1919ರಲ್ಲೇ ಬಂತು.

1940ರಲ್ಲಿ ಜರ್ಮನ್ ಸೇನೆ ಬಂದಿಳಿಯುವ ಭಯ ಕವಿದಿದ್ದಾಗ, ಬ್ರಿಟನ್ ತನ್ನ ಪ್ರಜೆಗಳಿಗೆ ಒಂದು ವಿಲಕ್ಷಣ ಆಜ್ಞೆ ಕೊಟ್ಟಿತು: ಕಾರು ನಿಲ್ಲಿಸಿ ಹೋಗುವಾಗ ಅದು ಓಡದಂತೆ ಮಾಡಿಯೇ ಹೋಗಬೇಕು. ಶತ್ರುವಿನ ಕೈಗೆ ವಾಹನ ಸಿಗಬಾರದೆಂಬುದು ಉದ್ದೇಶ. ಅನೇಕರು ಮಾಡಿದ್ದು ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಳಗಿನ ರೋಟರನ್ನು ಜೇಬಿಗೆ ಹಾಕಿಕೊಂಡದ್ದು. ಎಂಟು ದಶಕ ಕಳೆದರೂ ಪೆಟ್ರೋಲ್ ಕಾರಿಗೆ ಅಷ್ಟು ಅಗ್ಗದ, ಅಷ್ಟು ಗಟ್ಟಿಯಾದ ಇನ್ನೊಂದು ಉಪಾಯ ಸಿಕ್ಕಿಲ್ಲ. ಅದೇ ಯುದ್ಧಕ್ಕೆಂದು ತಯಾರಾದ ಜೀಪುಗಳಲ್ಲಿ ಬಹುಪಾಲಿಗೆ ಕೀಲಿಕೈಯೇ ಇರಲಿಲ್ಲ. ರಣರಂಗದಲ್ಲಿ ಕೀಲಿಕೈ ಕಳೆದುಹೋಗುವ ಕಾಟ ತಪ್ಪಿಸಲು ಬರೀ ತಿರುಗಿಸುವ ಸ್ವಿಚ್ ಕೂರಿಸಿದ್ದರು. ಅಂಥ ಸ್ವಿಚ್ ಹಾಗೇ ಉಳಿದಿರುವ ಜೀಪನ್ನು ಮೂಲರೂಪದಲ್ಲಿ ಇಟ್ಟುಕೊಂಡವರು ಈ ಮಾತನ್ನು ನೆನಪಿಡಬೇಕು.

ಸ್ಟೇರಿಂಗ್ ಕಂಬಕ್ಕೇ ಬೀಗ ಬೀಳುವ ಏರ್ಪಾಟನ್ನು ಜನರಲ್ ಮೋಟಾರ್ಸ್ ತನ್ನ 1969ರ ಮಾದರಿಗಳಲ್ಲಿ ತಂದಿತು. ಕೀಲಿಕೈ ತೆಗೆದ ಮೇಲೆ ಕಾರು ತಿರುಗದಂತೆ ಅಥವಾ ಮುಂದೆ ಸಾಗದಂತೆ ಬೀಗ ಬೀಳಬೇಕೆಂಬ ಅಮೆರಿಕದ ನಿಯಮ 1970ರ ಜನವರಿ 1ರಿಂದ ಜಾರಿಗೆ ಬಂತು. ಸ್ವೀಡನ್ನಿನ ಸಾಬ್ ಕಂಪನಿ ಬೇರೆ ದಾರಿ ಹಿಡಿದು, ಕೀಲಿಯನ್ನು ಎರಡು ಸೀಟುಗಳ ನಡುವೆ ಇಟ್ಟು ಗೇರ್‌ಬಾಕ್ಸನ್ನೇ ಕಟ್ಟಿಹಾಕಿತು. ರಿವರ್ಸ್ ಗೇರಿಗೆ ಹಾಕಿದರೆ ಮಾತ್ರ ಕೀಲಿಕೈ ಹೊರಬರುತ್ತಿತ್ತು. ಕೀಲಿಕೈಯೊಳಗಿನ ಚಿಪ್ಪನ್ನು ಗುರುತಿಸದಿದ್ದರೆ ಎಂಜಿನ್ ಏಳದಂತೆ ತಡೆಯುವ ಇಮ್ಮೊಬಿಲೈಸರ್ ಯುರೋಪಿನ ಹೊಸ ಕಾರುಗಳಿಗೆ ಕಡ್ಡಾಯವಾದದ್ದು 1998ರಲ್ಲಿ. ಅದಕ್ಕೂ ಹಿಂದಿನ ಕಾರುಗಳಲ್ಲಿ ಹೆಚ್ಚಿನವು ಯಾವ ಎಲೆಕ್ಟ್ರಾನಿಕ್ ಕಾವಲೂ ಇಲ್ಲದೆ ರಸ್ತೆಗಿಳಿದಂಥವು. ಅದರಲ್ಲಿ ಒಂದು ಅನುಕೂಲವೂ ಉಂಟು. ಕೀಲಿಕೈಯ ರೇಡಿಯೋ ಸಂಕೇತವನ್ನು ದೂರದಿಂದಲೇ ಹಿಡಿದು ಹೊಸ ಕಾರುಗಳನ್ನು ಕದಿಯುವ ಇಂದಿನ ತಂತ್ರ ಇವುಗಳ ಮುಂದೆ ನಡೆಯುವುದಿಲ್ಲ.

ಎಂಜಿನ್ ಏಳದಂತೆ ಮಾಡುವುದು

ಹಳೆಯ ಕಾರಿನ ವಿದ್ಯುತ್ ಜಾಲ ಸರಳ: ಬ್ಯಾಟರಿ, ಕಾಯಿಲ್, ಡಿಸ್ಟ್ರಿಬ್ಯೂಟರ್, ಪ್ಲಗ್ಗು, ಸ್ಟಾರ್ಟರ್. ಬಾನೆಟ್ ಎತ್ತಬಲ್ಲ ತಿಳಿದವನಿಗೆ ಕೀಲಿಕೈ ಬೇಕಾಗುವುದಿಲ್ಲ. ಸವೆದ ಬೀಗಗಳು ಬೇರೆ ಕಾರಿನ ಕೀಲಿಗೂ ತಿರುಗುತ್ತವೆ. ಮುಂಬಾಗಿಲ ಗಾಜಿನ ಪಕ್ಕದಲ್ಲಿ ಗಾಳಿಗೆಂದು ಇಟ್ಟ ತ್ರಿಕೋನದ ಕಿಟಕಿ ಎಷ್ಟೋ ಮಾದರಿಗಳಲ್ಲಿ ಒಳಗೆ ಕೈಹಾಕಲು ದಾರಿ. ಆದ್ದರಿಂದ ಮೊದಲ ಖರ್ಚು ಬಾಗಿಲ ಬೀಗಗಳ ದುರಸ್ತಿಗೆ, ತ್ರಿಕೋನದ ಕಿಟಕಿಯ ಚಿಲಕಕ್ಕೆ, ಒಳಗಿನಿಂದ ಮಾತ್ರ ತೆರೆಯುವ ಬಾನೆಟ್ ಬೀಗಕ್ಕೆ ಹೋಗಬೇಕು. ಬಾನೆಟ್ ಸುಲಭವಾಗಿ ತೆರೆಯುವಂತಿದ್ದರೆ ಒಳಗಡೆ ಎಷ್ಟು ಗುಪ್ತ ಸ್ವಿಚ್ ಹಾಕಿದರೂ ಅದು ಅರ್ಧ ಕೆಲಸ.

ಬ್ಯಾಟರಿಯ ಅರ್ತ್ ತಂತಿಗೆ ಕೂರಿಸುವ ಕಟ್-ಆಫ್ ತಿರುಪು ಸಾಮಾನ್ಯವಾಗಿ ಎಲ್ಲರೂ ಮೊದಲು ಹಾಕಿಸುವುದು. ಅದು ಕಳ್ಳನಿಗಿಂತ ಬೆಂಕಿಗೆ ಹೆಚ್ಚು ಒಳ್ಳೆಯ ತಡೆ. ಹತ್ತಿ ನೂಲಿನ ಹೊದಿಕೆ ಪುಡಿಯಾದ ಹಳೆಯ ತಂತಿಗಳಿರುವ ಗಾಡಿ ವಾರಗಟ್ಟಲೆ ನಿಂತಿರುವಾಗ ಶಾರ್ಟ್ ಆಗಿ ಸುಡುವ ಅಪಾಯವೂ ಕಳವಿನಷ್ಟೇ ದೊಡ್ಡದು, ಹಾಗಾಗಿ ಆ ತಿರುಪು ಹೇಗೂ ಬೇಕು. ಆದರೆ ಅದು ಇರುವ ಜಾಗ ಎಲ್ಲರಿಗೂ ಗೊತ್ತು. ಕಾಯಿಲ್‌ಗೆ ಹೋಗುವ ಸಣ್ಣ ತಂತಿಯ ನಡುವೆ ಸೀಟಿನ ಕೆಳಗೋ ಡ್ಯಾಶ್‌ಬೋರ್ಡಿನ ಹಿಂದೆಯೋ ಅಡಗಿಸಿದ ಸ್ವಿಚ್ ಇದಕ್ಕಿಂತ ಮೇಲು. ಮೊರಿಸ್ ಮೈನರ್‌ನಂಥ ಕಾರುಗಳಲ್ಲಿ ವಿದ್ಯುತ್ ಪೆಟ್ರೋಲ್ ಪಂಪ್ ಇರುವುದರಿಂದ ಅದನ್ನು ನಿಲ್ಲಿಸುವ ಸ್ವಿಚ್ಚೂ ಆಗಬಹುದು. ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲ್ ತೀರುವವರೆಗೆ ಓಡಿ, ಕಾರು ಬೀದಿಯ ನಡುವೆ ನಿಂತುಬಿಡುತ್ತದೆ. ಕಳ್ಳ ಇಳಿದು ಓಡಬೇಕಾದ ಜಾಗ ಅದು ಎಂಬುದು ಇದರ ಪರವಾದ ವಾದ. ದಟ್ಟಣೆಯ ಊರಿನಲ್ಲಿ ಹಾಗೆ ನಿಂತ ಕಾರಿಗೆ ಹಿಂದಿನಿಂದ ಲಾರಿ ಗುದ್ದೀತೆಂಬುದೂ ನಿಜ. ಇವೆರಡರಲ್ಲಿ ಕಾಯಿಲ್ ಸ್ವಿಚ್ಚೇ ವಾಸಿ ಎನ್ನಬೇಕು.

ರೋಟರ್ ತೆಗೆಯುವುದಕ್ಕೆ ತಂತಿಯನ್ನೂ ಮುಟ್ಟಬೇಕಿಲ್ಲ, ಎಲ್ಲೂ ತೂತು ಕೊರೆಯಬೇಕಿಲ್ಲ. ಎರಡು ಕ್ಲಿಪ್ ಬಿಡಿಸಿದರೆ ಮುಚ್ಚಳ ಕೈಗೆ ಬರುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಡೆಲ್ಕೊ ಎಂದು ಕರೆಯುವ ಈ ಡಿಸ್ಟ್ರಿಬ್ಯೂಟರಿನ ರೋಟರ್ ಒಂದೊಂದು ಮಾದರಿಗೂ ಬೇರೆಯಾದ್ದರಿಂದ ಕಳ್ಳ ಜೊತೆಗೆ ತಂದಿರುವ ಸಂಭವ ಕಡಿಮೆ. ಪೇಟೆಗೆ ಹೋಗಿ ಬರುವಾಗಲೆಲ್ಲ ಇದನ್ನು ಮಾಡುವುದು ಬೇಸರದ ಕೆಲಸ, ಆದರೆ ತಿಂಗಳುಗಟ್ಟಲೆ ನಿಲ್ಲುವ ಕಾರಿಗೆ ಇದೇ ಮೊದಲ ಬೀಗ. ಡೀಸೆಲ್ ಅಂಬಾಸಿಡರ್‌ಗೆ ಸ್ಪಾರ್ಕ್ ಬೇಡವಾದ್ದರಿಂದ ಇದು ಹೊಂದುವುದಿಲ್ಲ. ಅಲ್ಲಿ ಇಂಧನ ಬರುವ ದಾರಿಯನ್ನೇ ಮುಚ್ಚಬೇಕು.

ಇಂದಿನ ಅಲಾರಂ, ಇಮ್ಮೊಬಿಲೈಸರ್‌ಗಳನ್ನು ಹಳೆಯ ಕಾರಿಗೆ ಹಾಕಿಸುವಾಗ ಒಂದು ಎಚ್ಚರ ಬೇಕು. ಅವು 12 ವೋಲ್ಟ್, ಋಣ ಅರ್ತ್ ಇರುವ ಗಾಡಿಗೆಂದು ತಯಾರಾದವು. 1960ರ ದಶಕದ ನಡುವಿನವರೆಗೂ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯೇ ಬಾಡಿಗೆ ಅರ್ತ್ ಆಗಿತ್ತು, ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ಗಳು 6 ವೋಲ್ಟಿನವು. ಇದನ್ನು ನೋಡದೆ ಜೋಡಿಸಿದರೆ ಉಪಕರಣ ಸುಡುತ್ತದೆ, ಕೆಲವೊಮ್ಮೆ ಕಾರಿಗೂ ಹಾನಿ. ಯಾವುದನ್ನೇ ಜೋಡಿಸಿದರೂ ಮುಂದೊಂದು ದಿನ ಗುರುತಿಲ್ಲದಂತೆ ಬಿಚ್ಚಿ ತೆಗೆಯುವಂತಿರಬೇಕು. ಕಳ್ಳನ ಭಯಕ್ಕೆ ಮೂಲ ಡ್ಯಾಶ್‌ಬೋರ್ಡಿಗೆ ತೂತು ಕೊರೆಸಿದವನು ತಾನು ಕಾಪಾಡಬೇಕಾದ್ದನ್ನು ತಾನೇ ಕೆಡಿಸಿದಂತೆ.

ಕಣ್ಣಿಗೆ ಕಾಣುವ ಬೀಗಗಳು

ಸ್ಟೇರಿಂಗಿಗೆ ಅಡ್ಡ ಹಾಕುವ ಉಕ್ಕಿನ ಸರಳು 1980ರ ದಶಕದಲ್ಲಿ ಅಮೆರಿಕದಲ್ಲಿ ‘ದ ಕ್ಲಬ್’ ಎಂಬ ಹೆಸರಿನಿಂದ ಮನೆಮಾತಾಯಿತು. ಅದರ ದೊಡ್ಡ ಗುಣ ದೂರದಿಂದಲೇ ಕಾಣುವುದು. ಸರಳು ಗಟ್ಟಿಯಿದ್ದರೂ ಸ್ಟೇರಿಂಗ್ ಚಕ್ರ ಗಟ್ಟಿಯಲ್ಲವಾದ್ದರಿಂದ ಕಳ್ಳ ಗರಗಸ ಹಾಕುವುದು ಚಕ್ರಕ್ಕೆ. ಹಳೆಯ ಕಾರಿನ ತೆಳ್ಳಗಿನ ಚಕ್ರ, ಅದರಲ್ಲೂ ಮರದ್ದಾದರೆ, ಕಳವು ವಿಫಲವಾದರೂ ನಷ್ಟ ಆಗಿಯೇ ಹೋಗುತ್ತದೆ. ಇಡೀ ಚಕ್ರವನ್ನು ತಟ್ಟೆಯಂತೆ ಮುಚ್ಚುವ ಬೀಗ ಇದಕ್ಕಿಂತ ಒಳ್ಳೆಯದು. ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವ ಗೇರ್ ಲಾಕ್ ನೆಲದಲ್ಲಿ ಗೇರ್ ಇರುವ ಕಾರಿಗೆ ಸರಿಹೋಗುತ್ತದೆ. ಸ್ಟೇರಿಂಗ್ ಪಕ್ಕದಲ್ಲೇ ಗೇರ್ ಇರುವ ಹಳೆಯ ಅಂಬಾಸಿಡರ್, ಫಿಯೆಟ್‌ಗಳಿಗೆ ಅದು ಕೂರದು. ಅಲ್ಲಿ ಕ್ಲಚ್ ಪೆಡಲನ್ನು ಸ್ಟೇರಿಂಗಿಗೆ ಬಿಗಿಯುವ ಸರಳು ಅಥವಾ ಗಾಲಿಗೆ ಹಾಕುವ ಕ್ಲ್ಯಾಂಪ್ ಉಪಯೋಗಕ್ಕೆ ಬರುತ್ತದೆ. ಬಟ್ಟೆಯ ಮೇಲ್ಛಾವಣಿಯ ಕಾರಿನ ಮಾಲೀಕರಲ್ಲಿ ಕೆಲವರು ಬಾಗಿಲಿಗೆ ಬೀಗವನ್ನೇ ಹಾಕುವುದಿಲ್ಲ. ಒಳಗೆ ಏನೂ ಇಡದೆ ಬಾಗಿಲು ತೆರೆದಿಟ್ಟರೆ ಚಾವಣಿ ಹರಿಯುವುದಾದರೂ ತಪ್ಪುತ್ತದೆ ಎಂಬ ಅವರ ಲೆಕ್ಕ ಸರಿಯಾದದ್ದೇ.

ಶೆಡ್ಡು, ಗೋದಾಮು, ಗ್ಯಾರೇಜು

ಬೆಲೆಬಾಳುವ ಹಳೆಯ ಕಾರುಗಳ ದೊಡ್ಡ ಕಳವುಗಳಲ್ಲಿ ರಸ್ತೆಯಲ್ಲಿ ಆದವುಗಳಿಗಿಂತ ಬೀಗ ಹಾಕಿದ ಕಟ್ಟಡಗಳಲ್ಲಿ ಆದವು ಹೆಚ್ಚು ಪಾಠ ಹೇಳುತ್ತವೆ. 1964ರ ‘ಗೋಲ್ಡ್‌ಫಿಂಗರ್’ ಚಿತ್ರಕ್ಕೆ ಬಳಸಿದ ಆಸ್ಟನ್ ಮಾರ್ಟಿನ್ ಡಿಬಿ5 ಕಾರು 1986ರ ಹರಾಜಿನಲ್ಲಿ 2,50,000 ಡಾಲರಿಗೆ ಮಾರಾಟವಾಗಿ, 1997ರ ಜೂನ್‌ನಲ್ಲಿ ಫ್ಲಾರಿಡಾದ ಬೋಕಾ ರಟೋನ್ ವಿಮಾನ ನಿಲ್ದಾಣದ ಹ್ಯಾಂಗರಿನಿಂದ ಮಾಯವಾಯಿತು. ಕಳ್ಳರು ಮೊದಲು ಕತ್ತರಿಸಿದ್ದು ಅಲಾರಂ ತಂತಿಯನ್ನು. ವಿಮಾ ಕಂಪನಿ ಕೊಟ್ಟ ಪರಿಹಾರ 42 ಲಕ್ಷ ಡಾಲರ್. ಕಟ್ಟಡದ ಅಲಾರಂ ಒಂದೇ ತಂತಿಯ ಮೇಲೆ ನಿಂತಿದ್ದರೆ ಅದು ಕಾವಲಲ್ಲ. ತಂತಿ ಕಡಿದಾಗಲೇ ಕೂಗುವಂತೆ, ಕರೆಂಟು ಹೋದರೂ ಬ್ಯಾಟರಿಯಿಂದ ನಡೆಯುವಂತೆ, ಮೊಬೈಲ್ ಜಾಲದ ಮೂಲಕವೂ ಸುದ್ದಿ ಕಳಿಸುವಂತೆ ಅದು ಇರಬೇಕು.

ಮನೆಯ ಶೆಡ್ಡಿಗೆ ಇಷ್ಟೆಲ್ಲ ಬೇಡವಾದೀತು. ರೋಲಿಂಗ್ ಷಟರಿಗೆ ಎರಡೂ ತುದಿಯಲ್ಲಿ ಬೀಗ, ನೆಲದ ಕಾಂಕ್ರೀಟಿಗೆ ಹೂತ ಕೊಂಡಿಗೆ ಹಿಂದಿನ ಆಕ್ಸಲ್‌ನಿಂದ ಸರಪಳಿ, ಹಳೆಯ ಕಾರನ್ನು ಒಳಗೆ ನಿಲ್ಲಿಸಿ ದಿನಬಳಕೆಯ ಕಾರನ್ನು ಅದರ ಮುಂದೆ ಅಡ್ಡಲಾಗಿ ನಿಲ್ಲಿಸುವುದು, ಇಷ್ಟಾದರೆ ಎತ್ತಿಕೊಂಡು ಹೋಗಲು ಬಂದವರಿಗೂ ಹೊತ್ತು ಹಿಡಿಯುತ್ತದೆ. ಬಹಳ ದಿನ ನಿಲ್ಲಿಸುವುದಾದರೆ ಕಾರನ್ನು ಜಾಕ್ ಸ್ಟ್ಯಾಂಡಿನ ಮೇಲಿಟ್ಟು ಒಂದೆರಡು ಚಕ್ರ ಕಳಚಿ ಬೇರೆಡೆ ಇಡುವುದು ಟಯರಿಗೂ ಒಳ್ಳೆಯದು. ಕಾರಿನ ಫೋಟೊ ಹಂಚಿಕೊಳ್ಳುವಾಗ ಮನೆಯ ಗೇಟು, ಬೀದಿಯ ಫಲಕ ಕಾಣದಂತೆ ನೋಡಿಕೊಳ್ಳಬೇಕು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿರುವಂಥ ದೊಡ್ಡ ಸಂಗ್ರಹಗಳಿಗೆ ಕಾವಲುಗಾರರಿರುತ್ತಾರೆ, ಭೇಟಿಗೆ ಗೊತ್ತಾದ ವೇಳೆಯೂ ಇರುತ್ತದೆ. ಕಷ್ಟವಿರುವುದು ಒಂದೆರಡು ಕಾರು ಇಟ್ಟುಕೊಂಡ ಮನೆಯವರಿಗೆ.

ನಮ್ಮಲ್ಲಿ ಹೆಚ್ಚು ಅಪಾಯದ ಜಾಗ ದುರಸ್ತಿಯ ಗ್ಯಾರೇಜು. ಬಾಡಿ ಕೆಲಸಕ್ಕೆಂದು ಬಿಟ್ಟ ಕಾರು ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಎಂಜಿನ್ ಒಂದು ಕಡೆ, ಸೀಟು ಇನ್ನೊಂದು ಕಡೆ, ಬಂಪರ್ ಕ್ರೋಮ್ ಮಾಡುವವನ ಬಳಿ, ಬಾಡಿ ರಸ್ತೆಯ ಬದಿಯಲ್ಲಿ. ಕದಿಯುವವನಿಗೆ ಬಿಚ್ಚುವ ಶ್ರಮವೂ ಉಳಿಯಿತು. ಯಾವ ಭಾಗ ಯಾರಿಗೆ, ಯಾವ ತಾರೀಖಿಗೆ ಕೊಟ್ಟದ್ದು ಎಂಬ ಪಟ್ಟಿ ಬರೆದು ಸಹಿ ಹಾಕಿಸಿಕೊಳ್ಳುವುದನ್ನು ಮೆಕ್ಯಾನಿಕ್ ಮೇಲಿನ ಅಪನಂಬಿಕೆ ಎಂದು ತಿಳಿಯಬಾರದು. ಪ್ರಾಮಾಣಿಕ ಮೆಕ್ಯಾನಿಕ್‌ಗೂ ಅದೇ ರಕ್ಷಣೆ.

ಜಾಡು ಹಿಡಿಯುವ ಉಪಕರಣಗಳು

ಕದ್ದ ಕಾರು ರೇಡಿಯೋ ಮೂಲಕ ತನ್ನ ಸುಳಿವು ಕೊಡುವ ಏರ್ಪಾಟು ಲೋಜಾಕ್ ಎಂಬ ಹೆಸರಿನಿಂದ 1986ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಶುರುವಾಯಿತು. ಈಗ ಹೆಚ್ಚಾಗಿ ಸಿಗುವವು ಉಪಗ್ರಹದಿಂದ ಜಾಗ ತಿಳಿದು ಮೊಬೈಲ್ ಜಾಲದ ಮೂಲಕ ತಿಳಿಸುವಂಥವು. ಕಬ್ಬಿಣದ ಕಂಟೇನರಿನೊಳಗೆ ಅಥವಾ ನೆಲಮಾಳಿಗೆಯಲ್ಲಿ ಉಪಗ್ರಹದ ಸಂಕೇತ ತಲುಪುವುದಿಲ್ಲ. ಲೋಜಾಕ್ ಬಳಸಿದ ವಿಎಚ್‌ಎಫ್ ತರಂಗ ಅಲ್ಲಿ ಹೆಚ್ಚು ನಂಬಿಕೆಗೆ ಅರ್ಹ. ಹಳೆಯ ಕಾರಿನಲ್ಲಿ ಇನ್ನೂ ಒಂದು ತೊಡಕಿದೆ. ಟ್ರ್ಯಾಕರ್ ಸದಾ ಸ್ವಲ್ಪ ವಿದ್ಯುತ್ ಹೀರುವುದರಿಂದ ತಿಂಗಳಿಗೊಮ್ಮೆ ಹೊರಬರುವ ಕಾರಿನ ಬ್ಯಾಟರಿ ಇಳಿದುಹೋಗುತ್ತದೆ. ಬ್ಯಾಟರಿ ಕಟ್-ಆಫ್ ಮಾಡಿದರೆ ಟ್ರ್ಯಾಕರೂ ಸಾಯುತ್ತದೆ. ಆದ್ದರಿಂದ ತನ್ನದೇ ಬ್ಯಾಟರಿ ಇರುವ, ಕಾರು ಅಲುಗಿದಾಗ ಮಾತ್ರ ಎಚ್ಚರಗೊಳ್ಳುವ ಟ್ರ್ಯಾಕರನ್ನೇ ಆರಿಸಬೇಕು.

ಬಿಡಿಭಾಗಗಳ ಕಳವು

ಇಡೀ ಕಾರಿಗಿಂತ ಅದರ ಭಾಗಗಳನ್ನು ಮಾರುವುದು ಸುಲಭ. ತಯಾರಿಕೆ ನಿಂತ ಕಾರಿನ ಲ್ಯಾಂಪು, ವೀಲ್ ಕ್ಯಾಪು, ಲಾಂಛನಗಳಿಗೆ ಬೇಡಿಕೆ ಏರುತ್ತಲೇ ಇರುತ್ತದೆ. ಬ್ರಿಟನ್ನಿನಲ್ಲಿ ಲ್ಯಾಂಡ್ ರೋವರ್ ಡಿಫೆಂಡರ್‌ನ ತಯಾರಿಕೆ 2016ರಲ್ಲಿ ನಿಂತಿತು. ಅದರ ಬಾಗಿಲು, ಬಾನೆಟ್ಟುಗಳು ಬೋಲ್ಟು ಬಿಚ್ಚಿದರೆ ಕೈಗೆ ಬರುವಂಥವಾದ್ದರಿಂದ ಅವುಗಳ ಕಳವು ಅಲ್ಲಿನ ಹಳ್ಳಿಗಳ ಪಿಡುಗಾಯಿತು. ಕದ್ದ ವಾಹನಗಳನ್ನು ಬಿಚ್ಚಿ ಮಾರುವುದಕ್ಕೆ ಕುಖ್ಯಾತವಾಗಿದ್ದ ಮೀರತ್‌ನ ಸೋತಿಗಂಜ್ ಮಾರುಕಟ್ಟೆಯನ್ನು ಉತ್ತರ ಪ್ರದೇಶದ ಪೊಲೀಸರು 2021ರ ಡಿಸೆಂಬರ್‌ನಲ್ಲಿ ಮುಚ್ಚಿಸಿದರು. ರೋಲ್ಸ್ ರಾಯ್ಸ್‌ನ ಮುಂಭಾಗದಲ್ಲಿ 1911ರಿಂದ ನಿಂತಿರುವ ‘ಸ್ಪಿರಿಟ್ ಆಫ್ ಎಕ್ಸ್ಟಸಿ’ ಗೊಂಬೆಯ ಮೂಲಪ್ರತಿಯನ್ನು ಮನೆಯಲ್ಲಿಟ್ಟು ನಕಲನ್ನು ಕಾರಿಗೆ ಕೂರಿಸುವ ಮಾಲೀಕರಿದ್ದಾರೆ. ಅಗ್ಗದ ಬಿಡಿಭಾಗ ಹುಡುಕುತ್ತ ಗುಜರಿ ಅಲೆಯುವ ಪ್ರೇಮಿಗಳೂ ಇಲ್ಲಿ ಹೊಣೆಗಾರರು. ಬಿಲ್ಲಿಲ್ಲದ, ಸಂಖ್ಯೆ ಉಜ್ಜಿದ ಎಂಜಿನ್ ಕೊಳ್ಳುವವರು ಇರುವವರೆಗೆ ಕದಿಯುವವರೂ ಇರುತ್ತಾರೆ.

ಗುರುತು

ಇಂದಿನ ಕಾರುಗಳಿಗಿರುವ 17 ಅಕ್ಷರಾಂಕಗಳ ಗುರುತು ಸಂಖ್ಯೆ ಅಮೆರಿಕದಲ್ಲಿ ಕಡ್ಡಾಯವಾದದ್ದು 1981ರ ಮಾದರಿಗಳಿಂದ. ಅದಕ್ಕೆ ಮೊದಲು ಒಬ್ಬೊಬ್ಬ ತಯಾರಕನದು ಒಂದೊಂದು ಕ್ರಮ. ಎಷ್ಟೋ ಕಾರುಗಳಲ್ಲಿ ಷಾಸಿ ಸಂಖ್ಯೆ ಇರುವುದು ಎರಡು ರಿವೆಟ್ ಹೊಡೆದ ತಗಡಿನ ಮೇಲೆ. ಆ ತಗಡನ್ನು ತೆಗೆದು ಇನ್ನೊಂದಕ್ಕೆ ಹೊಡೆದರೆ ಕಾರಿನ ಹುಟ್ಟೇ ಬದಲಾದಂತೆ. ತುಕ್ಕು ಹಿಡಿದು ಸತ್ತ ಕಾರಿನ ಕಾಗದ ಮತ್ತು ತಗಡನ್ನು ಕೊಂಡು ಕದ್ದ ಕಾರಿಗೆ ತೊಡಿಸುವ ದಂಧೆ ಇದರಿಂದಲೇ ಬದುಕಿದೆ.

ಇದಕ್ಕೆ ಮದ್ದು ಮಾಲೀಕನ ಕೈಯಲ್ಲೇ ಇದೆ. ಷಾಸಿ ಮತ್ತು ಎಂಜಿನ್ ಸಂಖ್ಯೆಯ ಪೆನ್ಸಿಲ್ ಪ್ರಿಂಟ್ ತೆಗೆದಿಡುವುದು ಆರ್‌ಟಿಒ ಕೆಲಸಗಳಿಂದ ಎಲ್ಲರಿಗೂ ಗೊತ್ತಿರುವ ವಿಧಾನ. ಅದರ ಜೊತೆಗೆ ಗೇರ್‌ಬಾಕ್ಸ್, ಆಕ್ಸಲ್, ಕಾರ್ಬ್ಯುರೇಟರ್, ಗಾಜಿನ ಮೇಲಿನ ಸಂಖ್ಯೆಗಳನ್ನೂ ಬರೆದಿಡಬೇಕು. ಬೆಸುಗೆ ಹಾಕಿದ ಜಾಗ, ಹಳೆಯ ಅಪಘಾತದ ಗುರುತು, ಸೀಟಿನ ಕೆಳಗೆ ಮೂಲ ಬಣ್ಣ ಉಳಿದಿರುವ ಮೂಲೆ, ಯಾರೋ ತಪ್ಪಾಗಿ ಕೊರೆದ ತೂತು ಇವುಗಳ ಫೋಟೊ ತೆಗೆಯಬೇಕು. ಕಾರು ಫಳಫಳ ಹೊಳೆಯುವ ಪ್ರದರ್ಶನದ ಚಿತ್ರಕ್ಕಿಂತ ಈ ಕಲೆಗಳ ಚಿತ್ರವೇ ತನಿಖಾಧಿಕಾರಿಗೆ ಬೇಕಾಗುವುದು. ಬಣ್ಣ ಬದಲಾದೀತು, ನಂಬರ್ ಪ್ಲೇಟ್ ಬದಲಾದೀತು, ನೆಲದ ತಗಡಿನ ಅಡಿಯ ಬೆಸುಗೆಯನ್ನು ಯಾರೂ ಬದಲಿಸಲು ಹೋಗುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ, ಸಂಖ್ಯೆ ಕೊರೆದ ಚುಕ್ಕಿಗಳನ್ನು ಕಾರಿನ ಒಳಭಾಗಗಳಿಗೆ ಸಿಂಪಡಿಸುವ ವಿಧಾನವೂ ಇದೆ. ದಕ್ಷಿಣ ಆಫ್ರಿಕಾ 2012ರಲ್ಲಿ ಹೊಸ ವಾಹನಗಳಿಗೆ ಇದನ್ನು ಕಡ್ಡಾಯ ಮಾಡಿತು. ಮೂಲರೂಪಕ್ಕೆ ಧಕ್ಕೆಯಿಲ್ಲದ ಕಾರಣ ಹಳೆಯ ಕಾರಿಗೆ ಇದು ಚೆನ್ನಾಗಿ ಹೊಂದುತ್ತದೆ.

ಉಜ್ಜಿದ ಸಂಖ್ಯೆಯೂ ಪೂರ್ತಿ ಅಳಿಯುವುದಿಲ್ಲ. ಅಚ್ಚು ಒತ್ತುವಾಗ ಅದರ ಕೆಳಗಿನ ಲೋಹವೂ ಒತ್ತಡಕ್ಕೆ ಸಿಕ್ಕಿ ಅದರ ಒಳರಚನೆ ಬದಲಾಗುತ್ತದೆ. ಮೇಲ್ಮೈಯನ್ನು ನುಣುಪು ಮಾಡಿ, ಕ್ಯೂಪ್ರಿಕ್ ಕ್ಲೋರೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಸೇರಿದ ಫ್ರೈ ದ್ರಾವಣವನ್ನು ಉಕ್ಕಿನ ಮೇಲೆ ಹಚ್ಚಿದರೆ ಒತ್ತಡ ಬಿದ್ದ ಭಾಗ ಬೇರೆ ವೇಗದಲ್ಲಿ ಕರಗಿ ಅಂಕಿಗಳು ಮಸುಕಾಗಿ ಎದ್ದು ಬರುತ್ತವೆ. ವಿಧಿವಿಜ್ಞಾನ ಪ್ರಯೋಗಾಲಯಗಳಲ್ಲಿ ಇದು ಎಂದಿನ ಕೆಲಸ. ತೀರ ಆಳಕ್ಕೆ ಉಜ್ಜಿದ್ದರೆ ಮಾತ್ರ ಕೈಕೊಡುತ್ತದೆ.

ಕಾಗದಪತ್ರ, ವಿಮೆ ಮತ್ತು ಕಾನೂನು

1938ರ ಟಾಲ್ಬೊ-ಲಾಗೊ ಟಿ150ಸಿ ಎಸ್‌ಎಸ್ ಕಾರೊಂದು 2001ರಲ್ಲಿ ಅಮೆರಿಕದ ಮಿಲ್ವಾಕಿಯಿಂದ ಕಳುವಾಯಿತು. ದುರಸ್ತಿಗೆಂದು ಬಿಚ್ಚಿಟ್ಟಿದ್ದ ಕಾರಿನ ಭಾಗಗಳ ಜೊತೆಗೆ ಕಳ್ಳರು ಅದರ ದಾಖಲೆಗಳನ್ನೂ ಹೊತ್ತೊಯ್ದರು. ಅವರಿಗೆ ಏನು ಬೇಕೆಂದು ಗೊತ್ತಿತ್ತು. 2015ರಲ್ಲಿ ಅದೇ ಕಾರನ್ನು ಒಂದು ಸಂಸ್ಥೆ 70 ಲಕ್ಷ ಡಾಲರಿಗೂ ಮೀರಿ ಕೊಟ್ಟು ಕೊಂಡಿತು. ಮರುವರ್ಷ ಅಮೆರಿಕದಲ್ಲಿ ನೋಂದಾಯಿಸಲು ಹೋದಾಗ ಕದ್ದ ವಾಹನಗಳ ಪಟ್ಟಿಯಲ್ಲಿ ಸಂಖ್ಯೆ ಸಿಕ್ಕಿಬಿತ್ತು. ಮೂಲ ಮಾಲೀಕನ ವಾರಸುದಾರರ ದಾವೆ ಕಾಲ ಮೀರಿದ್ದಲ್ಲ ಎಂದು ವಿಸ್ಕಾನ್ಸಿನ್ ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಹೇಳಿತು. ಹದಿನೈದು ವರ್ಷದ ಹಿಂದೆ ಬರೆಸಿದ ಒಂದು ಪೊಲೀಸ್ ದೂರು ಆ ಕಾರನ್ನು ಹಿಡಿಯಿತು. ಕಾಗದಗಳನ್ನು ಕಾರಿನಲ್ಲೂ ಶೆಡ್ಡಿನಲ್ಲೂ ಇಡಬಾರದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಭಾರತದಲ್ಲಿ ಹಳೆಯ ಕಾರುಗಳ ದಾಖಲೆಯ ಸ್ಥಿತಿ ಚಿಂತೆ ಹುಟ್ಟಿಸುವಂಥದು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಕರ್ನಾಟಕದಲ್ಲಿ 1989ರಲ್ಲಿ ಕೆಎ ಸರಣಿ ಬರುವ ಮೊದಲಿನ, ಎಂವೈ ಇತ್ಯಾದಿ ಅಕ್ಷರಗಳ ಆರ್‌ಸಿ ಪುಸ್ತಕಗಳಲ್ಲಿ ಅನೇಕವು ಕಂಪ್ಯೂಟರಿನ ವಾಹನ್ ದತ್ತಾಂಶಕ್ಕೆ ಸೇರದೆ ಉಳಿದಿವೆ. ದತ್ತಾಂಶದಲ್ಲೇ ಇಲ್ಲದ ಕಾರು ಕಳುವಾದರೆ ಬೇರೆ ರಾಜ್ಯದ ಆರ್‌ಟಿಒ ಅದನ್ನು ಗುರುತಿಸುವುದೆಲ್ಲಿಂದ? ಹಳೆಯ ಕಾರಿಗೆ ದುಬಾರಿ ಅಲಾರಂ ಹಾಕಿಸುವ ಮೊದಲು ಆರ್‌ಸಿ ನವೀಕರಿಸಿ ವಾಹನ್‌ಗೆ ಸೇರಿಸುವುದು ಹೆಚ್ಚು ಫಲ ಕೊಡುತ್ತದೆ. 2021ರ ನಿಯಮದಡಿ ವಿಂಟೇಜ್ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ಹೊಸದಾಗಿ ನೋಂದಣಿಯಾಗುವವಕ್ಕೆ ವಿಎ ಅಕ್ಷರಗಳ ಸಂಖ್ಯೆ ಸಿಗುತ್ತದೆ, ಈಗಾಗಲೇ ನೋಂದಣಿಯಾದವು ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಮಾರುವ ಮಾತು ನಡೆಯುವಾಗ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಖಾಲಿಯಾಗಿಯೇ ಸಹಿ ಹಾಕಿ ದಲ್ಲಾಳಿಗೆ ಕೊಡುವ ರೂಢಿ ಕೈಯಾರೆ ಕಾರನ್ನು ಕಳೆದುಕೊಳ್ಳುವ ದಾರಿ. ಓಡಿಸಿ ನೋಡುತ್ತೇನೆ ಎಂದವನ ಜೊತೆ ಮಾಲೀಕ ತಾನೂ ಕೂರಬೇಕು.

ಹಳೆಯ ಕಾರುಗಳಿಗೆ ಅನೇಕರು ಥರ್ಡ್ ಪಾರ್ಟಿ ವಿಮೆಯೊಂದನ್ನೇ ಮಾಡಿಸಿರುತ್ತಾರೆ. ಅದರಲ್ಲಿ ಕಳವಿಗೆ ಪರಿಹಾರವಿಲ್ಲ. ಪೂರ್ಣ ವಿಮೆಯಲ್ಲೂ ಐದು ವರ್ಷ ಮೀರಿದ ಕಾರಿನ ಮೌಲ್ಯವನ್ನು ಕಂಪನಿ ಮತ್ತು ಮಾಲೀಕ ಮಾತಾಡಿ ಒಪ್ಪಬೇಕು. ಮಾತಾಡದೆ ಬಿಟ್ಟರೆ ಗುಜರಿಯ ಬೆಲೆಯೇ ಬರೆದಿರುತ್ತದೆ. ದುರಸ್ತಿಯ ಬಿಲ್ಲುಗಳು, ತಜ್ಞರ ಮೌಲ್ಯಮಾಪನದ ಪತ್ರ, ಫೋಟೊಗಳನ್ನಿಟ್ಟು ಮೊತ್ತವನ್ನು ನಿಗದಿ ಮಾಡಿಸಿಕೊಳ್ಳಬೇಕು, ಕೆಲವು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು.

ಕಳವು ಗೊತ್ತಾದ ಕೂಡಲೇ ಠಾಣೆಯಲ್ಲಿ ಎಫ್‌ಐಆರ್ ಮಾಡಿಸಿ, ಆರ್‌ಟಿಒ ಮತ್ತು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಬೇಕು. 2024ರ ಜುಲೈ 1ರಿಂದ ಕಳವು ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಅಡಿ ಬರುತ್ತದೆ. ದೂರಿನಲ್ಲಿ ನೋಂದಣಿ ಸಂಖ್ಯೆಯ ಜೊತೆ ಷಾಸಿ, ಎಂಜಿನ್ ಸಂಖ್ಯೆ ಮತ್ತು ವಿಶೇಷ ಗುರುತುಗಳನ್ನೂ ಬರೆಸಬೇಕು. ಕಾರು ಸಿಗದಿದ್ದರೆ ಪೊಲೀಸರು ಕೊಡುವ ‘ಸಿ’ ರಿಪೋರ್ಟ್ ಮತ್ತು ಕಾರಿನ ಎಲ್ಲ ಕೀಲಿಕೈಗಳನ್ನು ವಿಮಾ ಕಂಪನಿ ಕೇಳುತ್ತದೆ. ಹಳೆಯ ಕಾರಿಗೆ ಎರಡನೆಯ ಕೀಲಿಕೈ ಇರುವುದೇ ಅಪರೂಪವಾದ್ದರಿಂದ ವಿಮೆ ಮಾಡಿಸುವಾಗಲೇ ಎಷ್ಟು ಕೀಲಿಕೈಗಳಿವೆ ಎಂದು ಬರೆದುಕೊಡುವುದು ಒಳಿತು. ಪರಿಹಾರದ ಹಣ ಪಡೆಯುವಾಗ ಸಹಿ ಹಾಕುವ ಪತ್ರದಿಂದ ಕಾರಿನ ಮೇಲಿನ ಹಕ್ಕು ವಿಮಾ ಕಂಪನಿಗೆ ಹೋಗುತ್ತದೆ. ಇಪ್ಪತ್ತು ವರ್ಷದ ಮೇಲೆ ಕಾರು ಸಿಕ್ಕರೂ ಅದು ಕಂಪನಿಯದೇ. ಅಪ್ಪ, ಅಜ್ಜನ ಕಾಲದಿಂದ ಬಂದ ಕಾರನ್ನು ಮತ್ತೆ ಪಡೆಯುವ ಆಸೆ ಇರುವವರು, ಕಾರು ಸಿಕ್ಕರೆ ಪರಿಹಾರದ ಮೊತ್ತ ಹಿಂದಿರುಗಿಸಿ ಅದನ್ನು ಮರಳಿ ಕೊಳ್ಳುವ ಮೊದಲ ಹಕ್ಕು ತಮಗಿರಬೇಕೆಂಬ ಷರತ್ತನ್ನು ಆ ಪತ್ರಕ್ಕೆ ಸಹಿ ಹಾಕುವ ಮೊದಲೇ ಬರವಣಿಗೆಯಲ್ಲಿ ಪಡೆದುಕೊಳ್ಳಬೇಕು.